ಹೇಡೀಸ್: ಮೊದಲ ಹತ್ತು ಸಾವುಗಳನ್ನು ಬಳಸಿಕೊಳ್ಳುವ ಬಗೆ

ಕಳೆದ ಬೇಸಿಗೆಯ ರಜೆಗೆ ಬಳ್ಳಾರಿಯ ನಮ್ಮ ಮನೆಗೆ ಬಂದಿದ್ದ ಸೋದರಳಿಯನು ಹೇಡೀಸ್ ಎಂಬ ವಿಡಿಯೊ ಆಟದ ಮೊದಲ ಬಾಸ್ (ಹಂತದ ಕೊನೆಯಲ್ಲಿ ಎದುರಾಗುವ ಬಲಿಷ್ಠ ಶತ್ರು) ಮೆಗೀರಾಳ ಕೈಯಲ್ಲಿ ನಾಲ್ಕನೆಯ ಸಲ ಸತ್ತಾಗ ಕಂಟ್ರೋಲರನ್ನು ಬದಿಗಿಟ್ಟು, "ಮಾಮಾ, ಎಷ್ಟು ಸಲ ಆಡಿದ್ರೂ ಮತ್ತ ಮನಿಗೇ ತಂದು ಬಿಡ್ತೈತಿ" ಎಂದು ಬೇಸರಪಟ್ಟನು. ಅವನ ಮಾತು ನಿಜವಾಗಿತ್ತು, ಆದರೆ ಸತ್ತು ಆಟದೊಳಗಿನ ಮನೆಗೆ ಮರಳಿದ ಪ್ರತಿ ಸಲವೂ ಅವನು ಕೈಯಲ್ಲಿದ್ದುದನ್ನು ಖರ್ಚು ಮಾಡದೆ ನೇರವಾಗಿ ಬಾಗಿಲಿಗೆ ಓಡುತ್ತಿದ್ದನು. ಈ ಬರಹ ಹಾಗೆ ಓಡುವವರಿಗಾಗಿ.

ಸ್ಯಾನ್ ಫ್ರಾನ್ಸಿಸ್ಕೊದ ಸ್ವತಂತ್ರ ಸ್ಟುಡಿಯೊ ಸೂಪರ್‌ಜೈಂಟ್ ಗೇಮ್ಸ್ ಈ ಆಟವನ್ನು 2018ರ ಡಿಸೆಂಬರ್‌ನಲ್ಲಿ ಅರ್ಲಿ ಆಕ್ಸೆಸ್ (ಪೂರ್ಣವಾಗುವ ಮೊದಲೇ ಆಡಲು ಕೊಡುವ) ರೂಪದಲ್ಲಿ ಹೊರತಂದು, 2020ರ ಸೆಪ್ಟೆಂಬರ್‌ನಲ್ಲಿ ಪೂರ್ಣಗೊಳಿಸಿತು. ಗ್ರೀಕರ ಪಾತಾಳದ ಒಡೆಯ ಹೇಡೀಸನ ಮಗ ಜಾಗ್ರಿಯಸ್ ಅಪ್ಪನ ಮನೆಯಿಂದ ತಪ್ಪಿಸಿಕೊಂಡು ಭೂಮಿಗೆ ಬರಲು ಹೆಣಗುವುದೇ ಇದರ ಕಥೆ. ನಮ್ಮ ಯಮಲೋಕದೊಡನೆ ಹೋಲಿಸಿದರೆ ಒಂದು ವ್ಯತ್ಯಾಸ ಕಾಣುತ್ತದೆ: ಇಲ್ಲಿ ಚಿತ್ರಗುಪ್ತನಿಲ್ಲ, ಕಡತಗಳ ರಾಶಿಯ ಮುಂದೆ ದೊರೆಯೇ ಕುಳಿತು ಗೊಣಗುತ್ತಿರುತ್ತಾನೆ.

ಮನೆಯಿಂದ ಹೊರಟು ಸಾಯುವವರೆಗಿನ ಒಂದು ಪ್ರಯತ್ನವನ್ನು ಓಟ ಎನ್ನೋಣ. ಸತ್ತಾಗ ಆ ಓಟದಲ್ಲಿ ಪಡೆದ ದೇವತೆಗಳ ವರಗಳೂ ಒಬೋಲ್ ನಾಣ್ಯಗಳೂ ಹೋಗುತ್ತವೆ. ಕತ್ತಲೆ ಎಂಬ ಹೆಸರಿನ ಸಂಗ್ರಹ ವಸ್ತು, ಬೀಗದ ಕೈ, ರತ್ನ, ಕಾಣಿಕೆಯಾಗಿ ಕೊಡುವ ನೆಕ್ಟರ್ ಇವು ಉಳಿಯುತ್ತವೆ. ಆದ್ದರಿಂದ ಮೊದಲ ಕೆಲವು ಓಟಗಳಲ್ಲಿ ಗೆಲುವಿಗಿಂತ ಉಳಿಯುವ ವಸ್ತುಗಳ ಸಂಗ್ರಹವೇ ಮುಖ್ಯ. ಮುಂದಿನ ಕೋಣೆಯಲ್ಲಿ ಏನು ಸಿಗುತ್ತದೆಂಬುದು ಬಾಗಿಲಿನ ಮೇಲಿನ ಚಿಹ್ನೆಯಿಂದಲೇ ತಿಳಿಯುತ್ತದೆ. ಆರಂಭದಲ್ಲಿ ಕತ್ತಲೆ ಮತ್ತು ಬೀಗದ ಕೈಗಳ ಬಾಗಿಲುಗಳನ್ನೇ ಹೆಚ್ಚಾಗಿ ಆರಿಸಿಕೊಳ್ಳಬೇಕು.

ಸಂಗ್ರಹಿಸಿದ ಕತ್ತಲೆಯನ್ನು ಜಾಗ್ರಿಯಸ್‌ನ ಮಲಗುವ ಕೋಣೆಯಲ್ಲಿರುವ, ಸತ್ತರೂ ಉಳಿಯುವ ಶಕ್ತಿಗಳನ್ನು ಕೊಡುವ ಕನ್ನಡಿಯಲ್ಲಿ ಖರ್ಚು ಮಾಡಬೇಕು. ನನ್ನ ಅಭಿಪ್ರಾಯದಲ್ಲಿ ಮೊದಲು ಪಡೆಯಬೇಕಾದದ್ದು ಡೆತ್ ಡಿಫೈಯನ್ಸ್. ಪ್ರಾಣ ಹೋಗುವ ಗಳಿಗೆಯಲ್ಲಿ ಅದು ಜಾಗ್ರಿಯಸ್‌ನನ್ನು ಅರ್ಧ ಆರೋಗ್ಯದೊಡನೆ ಎಬ್ಬಿಸಿ ನಿಲ್ಲಿಸುತ್ತದೆ. ಅದರ ಮೂರು ಹಂತಗಳಲ್ಲಿ ಮೊದಲನೆಯದು ಅಗ್ಗ, ಉಳಿದೆರಡು ಬಹಳ ದುಬಾರಿ. ಆಮೇಲೆ ಒಂದರ ಹಿಂದೆ ಒಂದರಂತೆ ಎರಡು ಡ್ಯಾಶ್‌ಗಳಿಗೆ (ಥಟ್ಟನೆ ನುಗ್ಗಿ ಸರಿಯುವುದಕ್ಕೆ) ಅವಕಾಶ ಕೊಡುವ ಗ್ರೇಟರ್ ರಿಫ್ಲೆಕ್ಸ್ ಅನ್ನು ಪಡೆಯಬೇಕು. ಆರಂಭದ ಆರೋಗ್ಯ ಕೇವಲ 50 ಇರುವುದರಿಂದ, ಹೊಡೆತದ ಬಲ ಹೆಚ್ಚಿಸುವ ಆಯ್ಕೆಗಳು ಎಷ್ಟೇ ಆಕರ್ಷಕವಾಗಿ ಕಂಡರೂ ಅವು ಕಾಯಬಹುದು. ಆಯ್ಕೆ ತಪ್ಪಾಯಿತೆನ್ನಿಸಿದರೆ ಒಂದು ಬೀಗದ ಕೈ ಕೊಟ್ಟು ಕನ್ನಡಿಗೆ ಹಾಕಿದ ಕತ್ತಲೆಯೆಲ್ಲವನ್ನೂ ಹಿಂಪಡೆಯಬಹುದು.

ಡ್ಯಾಶ್ ಮಾಡುವ ಕ್ಷಣದಲ್ಲಿ ಏಟು ತಾಗುವುದಿಲ್ಲ. ಹೊಸಬರು ಶತ್ರುವಿನಿಂದ ಹಿಂದಕ್ಕೆ ಡ್ಯಾಶ್ ಮಾಡಿ ಗೋಡೆಗೆ ಸಿಕ್ಕಿಕೊಳ್ಳುತ್ತಾರೆ. ಶತ್ರುವಿನ ಮೈಯೊಳಗಿನಿಂದಲೇ ತೂರಿ ಬೆನ್ನ ಹಿಂದೆ ಹೋಗಿ ಎರಡು ಏಟು ಕೊಟ್ಟು ಸರಿಯುವುದು ಉತ್ತಮ. ಮೆಗೀರಾ ಮುನ್ನುಗ್ಗುವ ಮೊದಲು ಒಂದು ಕ್ಷಣ ತಡೆದು ನಿಲ್ಲುತ್ತಾಳೆ, ಆ ತಡೆಯನ್ನು ಕಣ್ಣಿಗೆ ಅಭ್ಯಾಸ ಮಾಡಿಸಿಕೊಂಡವರಿಗೆ ಅವಳು ಬಹಳ ದಿನ ಕಷ್ಟ ಕೊಡುವುದಿಲ್ಲ. ಖಡ್ಗ, ಬಿಲ್ಲು, ಗುರಾಣಿ, ಭರ್ಜಿ, ಮುಷ್ಟಿ, ಬಂದೂಕು ಎಂಬ ಆರು ಆಯುಧಗಳಲ್ಲಿ ಹೊಸಬರಿಗೆ ನಾನು ಗುರಾಣಿಯನ್ನು ಹೇಳುತ್ತೇನೆ, ಏಕೆಂದರೆ ಎದುರಿನಿಂದ ಬರುವ ಏಟುಗಳನ್ನು ಅದು ತಡೆಯುತ್ತದೆ.

ವರಗಳನ್ನು ಆರಿಸುವಾಗ ಹೆಚ್ಚಿನವರು ಎಡವುತ್ತಾರೆ. ಎದುರಾದ ಪ್ರತಿಯೊಬ್ಬ ದೇವತೆಯಿಂದ ಒಂದೊಂದು ವರ ಪಡೆದರೆ ಯಾವುದೂ ಬಲಿಯುವುದಿಲ್ಲ. ನೀವು ಹೆಚ್ಚು ಬಳಸುವುದು ಅಟ್ಯಾಕೋ (ಆಯುಧದ ಸಾಮಾನ್ಯ ಹೊಡೆತ) ಸ್ಪೆಷಲೋ (ಅದರ ವಿಶೇಷ ಹೊಡೆತ) ಎಂಬುದನ್ನು ಮೊದಲೇ ನಿರ್ಧರಿಸಿ, ಅದಕ್ಕೊಂದು ಒಳ್ಳೆಯ ವರವನ್ನು ಪಡೆದು, ಬಳಿಕ ಸಿಗುವ ದಾಳಿಂಬೆಗಳಿಂದ ಅದನ್ನೇ ಬೆಳೆಸಬೇಕು. ಡ್ಯಾಶ್‌ಗೆ ಮಾತ್ರ ಅಥೀನಾಳ ವರ ಸಿಕ್ಕರೆ ಬಿಡಬೇಡಿ. ಶತ್ರುಗಳು ಎಸೆದದ್ದು ಅವರತ್ತಲೇ ಮರಳುತ್ತದೆ. ಒಬ್ಬ ದೇವತೆಗೆ ನೆಕ್ಟರ್ ಕೊಟ್ಟರೆ ಸಿಗುವ ನೆನಪಿನ ಕಾಣಿಕೆಯನ್ನು ಧರಿಸಿ ಹೊರಟರೆ, ಮುಂದಿನ ವರ ಆ ದೇವತೆಯದೇ ಆಗಿರುತ್ತದೆ.

ಪಾತಾಳದ ಎರಡನೆಯ ಪ್ರದೇಶವಾದ ಆಸ್ಫೊಡೆಲ್‌ನಲ್ಲಿ ಕುದಿಯುವ ಲಾವಾದ ಮೇಲೆ ಕಾಲಿಡದಿದ್ದರೆ ಅರ್ಧ ಕೆಲಸವಾದಂತೆ. ಮೂರನೆಯ ಪ್ರದೇಶವಾದ ಎಲಿಸಿಯಮ್‌ನ ಕೊನೆಯಲ್ಲಿ ಥೀಸಿಯಸ್ ಮತ್ತು ಗೂಳಿಯ ತಲೆಯ ಆಸ್ಟೀರಿಯಸ್ ಜೊತೆಯಾಗಿ ಬರುತ್ತಾರೆ. ಥೀಸಿಯಸ್‌ನ ಗುರಾಣಿ ಎದುರಿನ ಹೊಡೆತಗಳನ್ನೆಲ್ಲ ತಡೆಯುವುದರಿಂದ ಮೊದಲು ಆಸ್ಟೀರಿಯಸ್‌ನನ್ನು ಮುಗಿಸಿ, ಆಮೇಲೆ ಥೀಸಿಯಸ್‌ನ ಬೆನ್ನಿಗೆ ಹೋಗುವುದು ಜಾಣತನ.

ಕರೆಂಟ್ ಹೋಗುವ ಚಿಂತೆ ನಮ್ಮ ಭಾಗದವರಿಗೆ ಇದ್ದದ್ದೇ. ಪ್ರತಿ ಕೋಣೆಯನ್ನು ಹೊಕ್ಕಾಗ ಆಟ ತಾನಾಗಿಯೇ ಸೇವ್ ಆಗುವುದರಿಂದ, ನಡುವೆ ನಿಂತುಹೋದರೆ ಆ ಕೋಣೆಯನ್ನಷ್ಟೇ ಮತ್ತೆ ಆಡಬೇಕಾಗುತ್ತದೆ. ಒಮ್ಮೆ ಡೌನ್‌ಲೋಡ್ ಆದ ಮೇಲೆ ಇಂಟರ್‌ನೆಟ್ ಇಲ್ಲದೆಯೂ ಆಡಬಹುದು. ಮೇ ತಿಂಗಳ ಮಧ್ಯಾಹ್ನ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಆಡುವವರು ಅದನ್ನು ಗಟ್ಟಿಯಾದ ಮೇಜಿನ ಮೇಲಿಡಲಿ. ಗಾಳಿ ಹೋಗುವ ಕಂಡಿ ಮುಚ್ಚಿದರೆ ಆಟ ತೊದಲತೊಡಗುತ್ತದೆ.

ಇಷ್ಟಾದರೂ ಮುಂದೆ ಹೋಗಲಾಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಗಾಡ್ ಮೋಡ್ ಇದೆ. ಅದು ಬೀಳುವ ಪೆಟ್ಟನ್ನು ಮೊದಲಿಗೆ ಶೇ. 20ರಷ್ಟು ಕಡಿಮೆ ಮಾಡಿ, ಪ್ರತಿ ಸಾವಿಗೆ ಶೇ. 2ರಂತೆ ಶೇ. 80ರವರೆಗೆ ಏರಿಸುತ್ತದೆ, ಕಥೆಯಲ್ಲಿ ಇದರಿಂದ ಏನೂ ಕಳೆದುಹೋಗುವುದಿಲ್ಲ. ಸೋದರಳಿಯನಿಗೆ ಅದನ್ನು ಹಾಕಿಕೊಳ್ಳಲು ಮರ್ಯಾದೆ ಅಡ್ಡ ಬಂದಿತು, ನಾನು ಹಾಕಿಕೊಂಡೇ ಆಡಿದೆ. ಒಂದು ಸಲ ಹೊರಗೆ ಬಂದೊಡನೆ ಆಟವನ್ನು ಅಳಿಸಿಬಿಡಬೇಡಿ. ಮುಖ್ಯ ಕಥೆ ಕೊನೆ ಮುಟ್ಟಲು ಹತ್ತು ಸಲ ಪಾರಾಗಬೇಕು.