ಕೆಸರು ಗದ್ದೆಯ ಗಮ್ಮತ್ತು, ಏಲಂನ ದುಡ್ಡು

ನಮ್ಮೂರು ಮೂಡುಬಿದಿರೆ ಕಡೆ. ಊರಿನ ಪಕ್ಕದಲ್ಲೇ ವಿಶೇಷ ಮಕ್ಕಳ ಒಂದು ಸಣ್ಣ ಶಾಲೆ ಇದೆ. ಒಂದು ಟ್ರಸ್ಟ್ ಅದನ್ನು ನಡೆಸುತ್ತದೆ. ಮಕ್ಕಳನ್ನು ಕರೆತರುವ ವ್ಯಾನಿಗೆ ಡೀಸೆಲ್, ಫಿಸಿಯೋಥೆರಪಿ ಮಾಡಿಸುವವರ ಸಂಬಳ, ಮಧ್ಯಾಹ್ನದ ಊಟ, ಹೀಗೆ ಪ್ರತಿ ತಿಂಗಳೂ ಖರ್ಚು ಇದ್ದೇ ಇರುತ್ತದೆ. ರಸೀದಿ ಪುಸ್ತಕ ಹಿಡಿದು ಮನೆ ಮನೆಗೆ ಹೋದರೆ ನಮ್ಮ ಜನ ಇಲ್ಲ ಅನ್ನುವುದಿಲ್ಲ. ಆದರೆ ದೇವಸ್ಥಾನದ ಬ್ರಹ್ಮಕಲಶಕ್ಕೂ ಅದೇ ಮನೆ, ಗಣೇಶೋತ್ಸವಕ್ಕೂ ಅದೇ ಮನೆ, ಭಜನಾ ಮಂದಿರದ ಮಾಡಿಗೂ ಅದೇ ಮನೆ. ಎಷ್ಟು ಸಲ ಅಂತ ಕೇಳುವುದು? ಹಾಗಾಗಿ ನಮ್ಮ ಮಹಿಳಾ ಮಂಡಲ, ಯುವಕ ಮಂಡಲ ಎರಡೂ ಸೇರಿ ತುಳುವರ ಆಟಿ ತಿಂಗಳಲ್ಲಿ ಕೆಸರು ಗದ್ದೆ ಆಟ ಇಟ್ಟುಕೊಂಡೆವು. ಲೆಕ್ಕಪತ್ರ ನನ್ನ ಕೈಯಲ್ಲಿತ್ತು. ಕೇಳಿದವರಿಗೆಲ್ಲ ಬಿಡಿ ಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಗಮ್ಮತ್ತು ಮಾಡುತ್ತಾ ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುವುದು ಕರಾವಳಿಗೆ ಹೊಸದಲ್ಲ. ಸಹಾಯಾರ್ಥ ಯಕ್ಷಗಾನ ಮೊದಲಿಂದಲೂ ಇದೆ. ಉಡುಪಿಯ ಅಷ್ಟಮಿಯಲ್ಲಿ ರವಿ ಕಟಪಾಡಿಯವರು ವೇಷ ಹಾಕಿ, ಬಂದ ಹಣವನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಡುವುದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ಜನ ಡಬ್ಬಿಗೆ ಹಣ ಹಾಕುವಾಗ ಅವರ ಮುಖ ಗಮನಿಸಿ. ಖುಷಿಯಾಗಿರುತ್ತಾರೆ. ನಮಗೆ ಬೇಕಿದ್ದದ್ದು ಅದೇ.

ಶುರುವಿನಲ್ಲೇ ಒಂದು ತೀರ್ಮಾನ ಮಾಡಿದೆವು. ಶಾಲೆಗೆಂದು ಬಂದ ಹಣದಿಂದ ಕಾರ್ಯಕ್ರಮದ ಖರ್ಚಿಗೆ ಒಂದು ರೂಪಾಯಿಯನ್ನೂ ತೆಗೆಯಬಾರದು. ಮೈಕು, ಶಾಮಿಯಾನ, ಊಟ, ಗದ್ದೆಯ ಉಳುಮೆ ಎಲ್ಲಕ್ಕೂ ಬೇರೆ ದಾರಿ ಹುಡುಕಬೇಕು. ಇದು ಕಷ್ಟ ಅನ್ನಿಸಬಹುದು, ಆದರೆ ಹಳ್ಳಿಯಲ್ಲಿ ಅಷ್ಟು ಕಷ್ಟವಿಲ್ಲ. ದುಡ್ಡು ಕೊಡಲು ಹಿಂದೆಮುಂದೆ ನೋಡುವವರು ವಸ್ತು ಕೊಡಲು, ಕೆಲಸ ಮಾಡಲು ಓಡಿ ಬರುತ್ತಾರೆ. ಒಬ್ಬರು ಟಿಲ್ಲರ್ ತಂದು ಉತ್ತು ಕೊಟ್ಟರು. ಸೌಂಡ್ಸ್ ಅಂಗಡಿಯವರು ಬಾಡಿಗೆ ಬೇಡ ಅಂದರು. ಅಕ್ಕಿ, ತೆಂಗಿನಕಾಯಿ ಒಬ್ಬೊಬ್ಬರ ಮನೆಯಿಂದ ಬಂತು. ಸಂಗ್ರಹದಲ್ಲಿ ಅರ್ಧದಷ್ಟು ಶಾಮಿಯಾನಕ್ಕೇ ಹೋಯಿತು ಅಂತ ಒಮ್ಮೆ ಮಾತು ಹುಟ್ಟಿದರೆ ಮರುವರ್ಷ ಯಾರೂ ಹತ್ತಿರ ಬರುವುದಿಲ್ಲ, ಅಲ್ವಾ?

ಗದ್ದೆ ಹುಡುಕುವುದರಲ್ಲಿ ಸ್ವಲ್ಪ ಲೆಕ್ಕಾಚಾರ ಬೇಕು. ಆಟಿ ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಅಷ್ಟರಲ್ಲಿ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ನಾಟಿ ಹೆಚ್ಚು ಕಡಿಮೆ ಮುಗಿದಿರುತ್ತದೆ. ನಾಟಿ ಮಾಡಿದ ಗದ್ದೆ ಯಾರು ಕೊಡುತ್ತಾರೆ? ನಮಗೆ ಸಿಕ್ಕಿದ್ದು ಬೇಸಾಯವಿಲ್ಲದೆ ಹಡಿಲು ಬಿದ್ದಿದ್ದ ಒಂದು ಗದ್ದೆ. ಯಜಮಾನರು ಮುಂಬೈಯಲ್ಲಿದ್ದಾರೆ. ಫೋನ್ ಮಾಡಿ ಕೇಳಿದಾಗ ಅವರು ಒಂದೇ ಮಾತು ಹೇಳಿದರು: "ಆಟ ಆಡಿ ಅಕ್ಕ, ಆದರೆ ಆಮೇಲೆ ಅದಕ್ಕೆ ನೇಜಿ ಹಾಕಿ." ನೇಜಿ ಅಂದರೆ ಭತ್ತದ ಸಸಿ. ನಾವು ಅದಕ್ಕೂ ಸೈ ಅಂದೆವು. ಜುಲೈ ಮೊದಲಲ್ಲೇ ಎಂಒ-4 ತಳಿಯ ಭತ್ತದ ಬೀಜ ಬಿತ್ತಿ ಸಸಿಮಡಿ ಮಾಡಿಟ್ಟೆವು.

ಹಡಿಲು ಗದ್ದೆಯಲ್ಲಿ ಏನೇನು ಹೂತಿರುತ್ತದೆ ಅಂತ ಗೊತ್ತಾಗುವುದಿಲ್ಲ. ಉಳುಮೆ ಆದ ಮೇಲೆ ಒಂದಷ್ಟು ಜನ ಸಾಲಾಗಿ ನಿಂತು ಕೈಹಾಕಿ ಹುಡುಕಬೇಕು. ಒಡೆದ ಬಾಟಲಿ, ತಂತಿ, ಮುಳ್ಳಿನ ಬೇರು ಎಲ್ಲ ಸಿಗುತ್ತದೆ. ಕೆಸರು ಮೊಣಕಾಲಿನವರೆಗೆ ಬಂದರೆ ಓಡುವವರ ಕಾಲು ಉಳುಕುತ್ತದೆ, ಅದಕ್ಕೆ ಮೀನಖಂಡದವರೆಗೆ ಸಾಕು. ಬರುವ ಹೆಂಗಸರಿಗೆ ಮೊದಲೇ ಹೇಳಿಬಿಡಿ, ಬಳೆ, ಉಂಗುರ, ಕಾಲುಂಗುರ ಮನೆಯಲ್ಲೇ ಇಟ್ಟು ಬರಲಿ. ಕೆಸರಿಗೆ ಬಿದ್ದ ಚಿನ್ನ ಹುಡುಕುವುದು ಆಗದ ಕೆಲಸ. ಬಟ್ಟೆ ಬದಲಿಸಲು ನಾಲ್ಕೂ ಕಡೆ ಮರೆ ಇರುವ ಜಾಗ ಇಲ್ಲದಿದ್ದರೆ ಹೆಂಗಸರು ದಂಡೆಯಲ್ಲೇ ನಿಂತು ನೋಡಿ ಹೋಗುತ್ತಾರೆ. ನಾವು ಪಕ್ಕದ ಮನೆಯ ಕೊಟ್ಟಿಗೆಗೆ ಟಾರ್ಪಾಲ್ ಕಟ್ಟಿ, ಪಂಪಿನ ನೀರಿಗೆ ಉದ್ದದ ಪೈಪ್ ಹಾಕಿದೆವು.

ಇನ್ನೊಂದು, ಇಲಿಜ್ವರ. ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಇದು ಬರುವಂಥದ್ದೇ. ಇಲಿಯ ಮೂತ್ರ ಸೇರಿದ ಕೆಸರು ನೀರಿನಿಂದ, ಗಾಯದ ಮೂಲಕ ಒಳಗೆ ಹೋಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು ಕೇಳಿದೆವು. ಅವರು ಹೇಳಿದ್ದನ್ನು ಮೈಕಿನಲ್ಲಿ ಮತ್ತೆ ಮತ್ತೆ ಹೇಳಿದೆವು. ಕಾಲಲ್ಲಿ ಗಾಯ ಇದ್ದವರು ಗದ್ದೆಗೆ ಇಳಿಯಬೇಡಿ, ಆಟ ಮುಗಿದ ಕೂಡಲೇ ಸೋಪು ಹಾಕಿ ತೊಳೆದುಕೊಳ್ಳಿ, ಮುಂದಿನ ಎರಡು ಮೂರು ವಾರದಲ್ಲಿ ಜ್ವರ ಬಂದರೆ ಕೆಸರಿಗೆ ಇಳಿದಿದ್ದೆ ಅಂತ ಡಾಕ್ಟರಿಗೆ ಹೇಳಿ. ಗಮ್ಮತ್ತಿನ ನಡುವೆ ಇದೆಲ್ಲ ಯಾಕೆ ಅಂತ ಕೆಲವರಿಗೆ ಅನ್ನಿಸಿತು. ನನಗೆ ಮಾತ್ರ ಇದನ್ನು ಬಿಟ್ಟು ಆಟ ನಡೆಸುವುದು ಸರಿ ಕಾಣಲಿಲ್ಲ. ಪಂಚಾಯತಿಗೆ ತಿಳಿಸುವುದು, ಮೈಕಿಗೆ ಪೊಲೀಸ್ ಠಾಣೆಯಿಂದ ಅನುಮತಿ ತೆಗೆದುಕೊಳ್ಳುವುದು ಎಲ್ಲ ಕಡೆ ಇರುವಂಥದ್ದೇ.

ಶಾಲೆಯ ಮಕ್ಕಳನ್ನು ಕರೆಯಬೇಕೋ ಬೇಡವೋ ಅಂತ ತುಂಬಾ ಮಾತಾಯಿತು. ವೇದಿಕೆಯಲ್ಲಿ ಸಾಲಾಗಿ ನಿಲ್ಲಿಸಿದರೆ ಜನರ ಮನ ಕರಗುತ್ತದೆ ಅಂತ ಒಬ್ಬರ ಅಭಿಪ್ರಾಯ. ಶಾಲೆಯ ಟೀಚರ್ ಒಪ್ಪಲಿಲ್ಲ. "ನಮ್ಮ ಮಕ್ಕಳನ್ನು ತೋರಿಸಲಿಕ್ಕೆ ಕರೀಬೇಡಿ. ಆಡಲಿಕ್ಕೆ ಕರೆಯುವುದಾದರೆ ಬರ್ತೇವೆ" ಅಂದರು. ಅವರ ಮಾತು ನೂರಕ್ಕೆ ನೂರು ಸರಿ. ಗದ್ದೆಯ ಒಂದು ಮೂಲೆಯನ್ನು ಅವರಿಗೇ ಬಿಟ್ಟೆವು. ಅಲ್ಲಿ ಕೆಸರು ಕಡಿಮೆ, ಹಿಡಿದುಕೊಳ್ಳಲು ಅಡಿಕೆ ಮರದ ಕೈತಾಂಗು, ಪ್ರತಿ ಮಗುವಿನ ಜೊತೆ ಮನೆಯವರು ಒಬ್ಬರು. ಅಡಿಕೆ ಹಾಳೆಯಲ್ಲಿ ಮಗುವನ್ನು ಕೂರಿಸಿ ಎಳೆಯುವ ಆಟ ಅವರಿಗೆ ಎಷ್ಟು ಹಿಡಿಸಿತು ಅಂದರೆ, ಇಳಿಯಲೇ ಒಪ್ಪುತ್ತಿರಲಿಲ್ಲ. ಶಬ್ದ ಜಾಸ್ತಿಯಾದರೆ ಕೆಲವು ಮಕ್ಕಳಿಗೆ ಹಿಂಸೆ, ಅದಕ್ಕೆ ಆ ಕಡೆಯ ಸ್ಪೀಕರ್ ಬಂದ್ ಮಾಡಿಸಿದ್ದೆವು. ಮಕ್ಕಳ ಫೋಟೋ ತೆಗೆದು ಸ್ಟೇಟಸ್ ಹಾಕಬೇಡಿ ಅಂತಲೂ ಹೇಳಿದೆವು. ಅಂದು ಹಾಳೆ ಎಳೆದ ಹುಡುಗರಲ್ಲಿ ಇಬ್ಬರು ಈಗ ಶನಿವಾರ ಶಾಲೆಗೆ ಹೋಗಿ ಮಕ್ಕಳ ಜೊತೆ ಇರುತ್ತಾರೆ.

ಆಟಗಳು ಎಲ್ಲರಿಗೂ ಗೊತ್ತಿರುವವೇ. ಓಟ, ಮೂರು ಕಾಲಿನ ಓಟ, ನಿಧಿ ಶೋಧ, ಮಡಕೆ ಒಡೆಯುವುದು, ಕೊನೆಗೆ ಹಗ್ಗಜಗ್ಗಾಟ. ತಂಡಗಳಿಗೆ ಪ್ರವೇಶ ಶುಲ್ಕ ಇಟ್ಟೆವು, ಮಕ್ಕಳಿಗೆ ಇಡಲಿಲ್ಲ. ನಗದು ಬಹುಮಾನ ಇಡಲೇ ಇಲ್ಲ. ಗೆದ್ದವರಿಗೆ ಬಾಳೆಗೊನೆ, ಸೋತವರಿಗೆ ಸೀಯಾಳ. ನಗದು ಇಟ್ಟರೆ ಹೊರಗಿನ ಪಳಗಿದ ತಂಡಗಳು ಬಂದು ಗೆದ್ದು ಹೋಗುತ್ತವೆ, ಊರಿನವರು ಬರೀ ಪ್ರೇಕ್ಷಕರಾಗುತ್ತಾರೆ.

ಊಟಕ್ಕೆ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ತಿಮರೆ (ಒಂದೆಲಗ) ಚಟ್ನಿ, ತಜಂಕ್ ಸೊಪ್ಪಿನ ಪಲ್ಯ, ಪತ್ರೊಡೆ, ಅರಿಶಿನ ಎಲೆಯ ಗಟ್ಟಿ. ಒಂದೊಂದು ಮನೆಯವರು ಒಂದೊಂದು ಮಾಡಿ ತಂದರು. ಊಟಕ್ಕೆ ಕೂಪನ್ ಇಡಬೇಕು ಅಂತ ಸಲಹೆ ಬಂದಿತ್ತು. ಬೇಡ ಅಂದೆವು. ಹೊಟ್ಟೆ ತುಂಬಾ ಬಡಿಸಿ, ಬಾಗಿಲಲ್ಲಿ ಬೀಗ ಹಾಕಿದ ಡಬ್ಬಿ ಇಟ್ಟೆವು. ಊಟ ಮಾಡಿದವರು ತಮ್ಮಷ್ಟಕ್ಕೆ ಹಾಕಿದರು.

ಹಣ ಜಾಸ್ತಿ ಬಂದದ್ದು ಏಲಂನಲ್ಲಿ, ಅಂದರೆ ಹರಾಜಿನಲ್ಲಿ. ಚರ್ಚಿನ ತೆನೆ ಹಬ್ಬ, ಊರಿನ ಗಣೇಶೋತ್ಸವ, ಎಲ್ಲಿ ನೋಡಿದರೂ ನಮ್ಮ ಕಡೆ ಏಲಂ ಇದ್ದೇ ಇರುತ್ತದೆ. ಮನೆಯಲ್ಲಿ ಬೆಳೆದ ಒಂದು ವಸ್ತು ತಂದುಕೊಡಿ ಅಂತ ಮೊದಲೇ ಹೇಳಿದ್ದೆವು. ಮುಳ್ಳುಸೌತೆ, ಅಲಸಂಡೆ ಕಟ್ಟು, ಬಾಳೆನಾರಲ್ಲಿ ಕಟ್ಟಿ ಅಟ್ಟದಲ್ಲಿ ತೂಗಿಸಿಟ್ಟಿದ್ದ ಸೌತೆ, ಕೊನೆಯ ಹಲಸಿನ ಹಣ್ಣು, ಊರಿನ ಹುಂಜ, ಕಸಿ ಗಿಡಗಳು ಬಂದವು. ವಸ್ತು ಪುಕ್ಕಟೆ ಬಂದಿದೆ, ಕೂಗಿದ ಹಣ ಪೂರ್ತಿ ಶಾಲೆಗೆ. ಅದು ಗೊತ್ತಿರುವುದರಿಂದ ಜನ ಸೌತೆಯ ಬೆಲೆ ನೋಡಿ ಕೂಗುವುದಿಲ್ಲ. ಒಬ್ಬರು ಏಲಂನಲ್ಲಿ ಹಲಸಿನ ಹಣ್ಣು ಗೆದ್ದು, ಹಣ ಕೊಟ್ಟು, "ಇದನ್ನು ಇನ್ನೊಮ್ಮೆ ಕೂಗಿ" ಅಂತ ವಾಪಸ್ ಕೊಟ್ಟರು. ಆ ಒಂದೇ ಹಣ್ಣು ಹಾಗೆ ಕೈಯಿಂದ ಕೈಗೆ ಹೋಯಿತು. ಮೇಲಿನ ಮನೆಯವರಿಗೂ ಕೆಳಗಿನ ಮನೆಯವರಿಗೂ ಹುಂಜದ ಮೇಲೆ ಪೈಪೋಟಿ ಬಿದ್ದಾಗಂತೂ ಗದ್ದೆ ಬದಿಯೆಲ್ಲ ಕೇಕೆ. ಏಲಂ ಕೂಗುವವರು ಊರಿನ ಎಲ್ಲರ ಹೆಸರು ತಿಳಿದವರಾಗಿರಬೇಕು, ಯಾರನ್ನು ಛೇಡಿಸಬಹುದು, ಯಾರನ್ನು ಬಿಡಬೇಕು ಅಂತ ಗೊತ್ತಿರಬೇಕು. ಕೈಯಲ್ಲಿ ಇಲ್ಲದವರನ್ನು ಎಲ್ಲರೆದುರು ಹೆಸರು ಹಿಡಿದು ಕೂಗಲು ಒತ್ತಾಯಿಸಬಾರದು. ಏಲಂನಲ್ಲಿ ವಸ್ತು ಹಿಡಿದವರು ಆಗಲೇ ಮೇಜಿನಲ್ಲಿ ಹಣ ಕಟ್ಟಿ ರಸೀದಿ ಪಡೆದೇ ವಸ್ತು ಒಯ್ಯಬೇಕು. ನಾಳೆ ಕೊಡ್ತೇನೆ ಅಂದ ಹಣವನ್ನು ಮತ್ತೆ ಕೇಳಿ ತರುವುದು ಇಬ್ಬರಿಗೂ ಮುಜುಗರ.

ಟಿಕೆಟ್ ಮಾರಿ ಲಕ್ಕಿ ಡ್ರಾ ಮಾಡೋಣ ಅಂತ ಯುವಕರಿಗೆ ಆಸೆ ಇತ್ತು. ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಷೇಧವಾಗಿದೆ. ಒಳ್ಳೆಯ ಕೆಲಸಕ್ಕೆ ಅಂತ ಹೇಳಿದರೂ ಹಣ ಕೊಟ್ಟು ಅದೃಷ್ಟ ನೋಡುವುದು ಲಾಟರಿಯೇ. ಅದನ್ನು ಬಿಟ್ಟೆವು.

ಹಣದ ವಿಷಯದಲ್ಲಿ ನಾನು ಹಠ ಹಿಡಿದದ್ದು ಕ್ಯೂಆರ್ ಕೋಡಿಗೆ. ನಮ್ಮ ಯಾರ ಸ್ವಂತ ನಂಬರೂ ಬೇಡ, ಶಾಲೆಯ ಟ್ರಸ್ಟಿನ ಖಾತೆಯದೇ ಇರಲಿ ಅಂದೆ. ಆಗ ಹಣ ನಮ್ಮ ಕೈ ಮುಟ್ಟದೆ ನೇರ ಶಾಲೆಗೆ ಹೋಗುತ್ತದೆ. ದಾನಿಗಳಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವಂಥ 80ಜಿ ನೋಂದಣಿ ಟ್ರಸ್ಟಿಗೆ ಇತ್ತು. ತೆರಿಗೆ ರಿಯಾಯಿತಿ ಬೇಕಾದವರ ಪ್ಯಾನ್ ನಂಬರ್, ವಿಳಾಸ ಅಲ್ಲೇ ಬರೆದುಕೊಂಡೆವು. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ರಿಯಾಯಿತಿ ಸಿಗುವುದಿಲ್ಲ, ದೊಡ್ಡ ಮೊತ್ತ ಬ್ಯಾಂಕ್ ಮೂಲಕ ಕೊಡಿ ಅಂತ ಮೇಜಿನ ಮೇಲೆ ಬರೆದಿಟ್ಟಿದ್ದೆವು. ದುಬೈ, ಕುವೈತಿನಲ್ಲಿರುವ ನಮ್ಮವರೂ ಕಳಿಸಿದರು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಕೊಟ್ಟದ್ದು ವಿದೇಶಿ ದೇಣಿಗೆ. ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಬೇಕು. ಶಾಲೆಗೆ ಅದು ಇರಲಿಲ್ಲ. ಅಮೆರಿಕದ ಪೌರತ್ವ ಪಡೆದ ನಮ್ಮೂರಿನವರೊಬ್ಬರು ಕಳಿಸಲು ಹೊರಟಾಗ ವಿಷಯ ತಿಳಿಸಿ, ಬೇಡ ಅಂದೆವು. ಅವರು ಬೇಸರಿಸಲಿಲ್ಲ. ಊರಿನಲ್ಲಿರುವ ಅವರ ತಂಗಿ ತಮ್ಮದೇ ಹಣದಲ್ಲಿ ಏಲಂನಲ್ಲಿ ಹುರುಪಿನಿಂದ ಕೂಗಿದರು.

ಸಂಜೆ ಡಬ್ಬಿಗಳನ್ನು ಹಿರಿಯರು, ಟೀಚರ್ ಎಲ್ಲರ ಎದುರಿಗೇ ತೆರೆದು ಎಣಿಸಿದೆವು. ಮಾರನೇ ದಿನ ನಗದು ಬ್ಯಾಂಕಿಗೆ ಹೋಯಿತು. ವಾರದೊಳಗೆ ಪೂರ್ತಿ ಲೆಕ್ಕವನ್ನು ಹಾಲಿನ ಡೈರಿಯ ಗೋಡೆಗೆ ಅಂಟಿಸಿದೆವು. ಯಾರು ಟಿಲ್ಲರ್ ಕೊಟ್ಟರು, ಯಾರು ಪತ್ರೊಡೆ ತಂದರು ಎಂಬುದೂ ಅದರಲ್ಲಿತ್ತು. ಬೆಳಿಗ್ಗೆ ಹಾಲು ಹಾಕಲು ಬರುವವರು ನಿಂತು ಓದುತ್ತಿದ್ದರು.

ಗದ್ದೆಯಲ್ಲಿ ಮಾತು ಕೊಟ್ಟಂತೆ ನಾಟಿ ಮಾಡಿದೆವು. ಅಷ್ಟು ಜನ ತುಳಿದ ಕೆಸರು ಹದವಾಗಿತ್ತು. ಆ ಅಕ್ಕಿ ಶಾಲೆಯ ಮಧ್ಯಾಹ್ನದ ಊಟಕ್ಕೆ ಹೋಯಿತು. ಈಗ ಪಕ್ಕದ ಗ್ರಾಮದವರೂ ಆಟಿಯಲ್ಲಿ ಮಾಡುತ್ತೇವೆ ಅಂತ ಕೇಳಿಕೊಂಡು ಬಂದಿದ್ದಾರೆ. ಅವರ ಹಣ ವೃದ್ಧಾಶ್ರಮಕ್ಕಂತೆ. ರಸೀದಿ ಪುಸ್ತಕದ ಮಾದರಿ, ಠಾಣೆಗೆ ಕೊಟ್ಟ ಅರ್ಜಿಯ ಪ್ರತಿ ಕೊಟ್ಟಿದ್ದೇನೆ. ಏಲಂ ಕೂಗಲು ನಮ್ಮವರನ್ನೇ ಕಳಿಸಿ ಅಂತ ಕೇಳಿದ್ದಾರೆ, ಅವರೂ ಒಪ್ಪಿದ್ದಾರೆ.