ಕ್ರೂಸ್ ಹಡಗಿನ ಅಂಗಡಿಯಲ್ಲಿ ನಾನು ಕೊಳ್ಳುವುದು, ಬಿಡುವುದು

ಕ್ರೂಸ್‌ಗೆ ಹೊರಡುವ ವಾರ ನನ್ನ ಫೋನಿನಲ್ಲಿ ಒಂದು ಪಟ್ಟಿ ತಯಾರಾಗುತ್ತದೆ. ಊರಿನಲ್ಲಿ ಯಾರಿಗೆ ಯಾವ ಪರ್ಫ್ಯೂಮ್, ನಮ್ಮ ಯಜಮಾನರಿಗೆ ಯಾವ ವಿಸ್ಕಿ, ಅಣ್ಣನ ಮಗನಿಗೆ ಯಾವ ವಾಚು, ಎಲ್ಲಾ ಅದರಲ್ಲಿರುತ್ತದೆ. ಒಂದೊಂದರ ಪಕ್ಕದಲ್ಲೂ ಹ್ಯೂಸ್ಟನ್ನಿನಲ್ಲಿ ಅವತ್ತಿನ ಬೆಲೆ. ಈ ಪಟ್ಟಿ ಇಲ್ಲದೆ ನಾನು ಹಡಗಿನ ಅಂಗಡಿಗೆ ಕಾಲಿಡುವುದಿಲ್ಲ. ನಡುಸಮುದ್ರದಲ್ಲಿ ಬೆಲೆ ವಿಚಾರಿಸಲು ಪಕ್ಕದಂಗಡಿ ಎಲ್ಲಿದೆ? ಫೋನಲ್ಲಿ ನೋಡೋಣ ಅಂದರೆ ವೈಫೈಗೂ ದುಡ್ಡು.

ನಾವು ಇರುವುದು ಹ್ಯೂಸ್ಟನ್ ಹತ್ತಿರ. ಗ್ಯಾಲ್ವೆಸ್ಟನ್ ಬಂದರಿಗೆ ಕಾರಿನಲ್ಲೇ ಹೋಗಿಬಿಡಬಹುದು, ವಿಮಾನದ ಖರ್ಚಿಲ್ಲ. ಹಾಗಾಗಿ ಊರಿಂದ ಯಾರು ಬಂದರೂ ಹಡಗು ಹತ್ತಿಸುವುದು ನಮ್ಮನೆಯ ಅಭ್ಯಾಸ. ಮೆಕ್ಸಿಕೋದ ಕೊಜುಮೆಲ್, ಕೋಸ್ಟಾ ಮಾಯಾ, ಹೊಂಡುರಾಸ್‌ನ ರೊವಾಟಾನ್, ವಾಪಸ್. ಕಳೆದ ಸಲ ಜೊತೆಗಿದ್ದವರು ಹಾಸನದಿಂದ ಬಂದಿದ್ದ ನಮ್ಮತ್ತೆ.

ಹತ್ತಿದ ಕೂಡಲೇ ಅಂಗಡಿ ನೋಡಲು ಹೋದರೆ ಬಾಗಿಲು ಹಾಕಿರುತ್ತದೆ. ಹಡಗು ಬಂದರಿನಲ್ಲಿ ಇರುವಷ್ಟು ಹೊತ್ತೂ ಹಾಗೇ. ಒಳಗಿರುವ ಸರಕಿಗೆ ಯಾವ ದೇಶಕ್ಕೂ ತೆರಿಗೆ ಕಟ್ಟಿರುವುದಿಲ್ಲ. ಅದನ್ನು ಬಂದರಿನಲ್ಲಿ ಮಾರಿದರೆ ಆ ದೇಶದ ಕಸ್ಟಮ್ಸ್‌ನವರು ಬಿಡುತ್ತಾರಾ? ದಡ ಬಿಟ್ಟು ಸಾಕಷ್ಟು ದೂರ ಹೋದ ಮೇಲೇ ಬಾಗಿಲು ತೆರೆಯುವುದು. ಅಂದರೆ ನೆಮ್ಮದಿಯಾಗಿ ಕೊಳ್ಳಲು ಸಿಗುವುದು ಇಡೀ ದಿನ ನೀರಿನ ಮೇಲೇ ಇರುವ ದಿನಗಳು. ಆ ದಿನ ಬೆಳಿಗ್ಗೆ ಎಲ್ಲರೂ ಈಜುಕೊಳದ ಹತ್ತಿರ ಕುರ್ಚಿ ಹಿಡಿಯಲು ಓಡುತ್ತಾರೆ. ನಾನು ಆಗ ಅಂಗಡಿಗೆ ಹೋಗುತ್ತೇನೆ. ಸೇಲ್ಸ್ ಹುಡುಗರಿಗೂ ಬಿಡುವು, ಕೇಳಿದ್ದಕ್ಕೆಲ್ಲ ನಿಂತು ಉತ್ತರ ಹೇಳುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಡ್ಯೂಟಿ ಫ್ರೀ ಅಂದ ತಕ್ಷಣ ಅಗ್ಗ ಅಂದುಕೊಳ್ಳುವುದು ನಮ್ಮ ಜನರ ಸ್ವಭಾವ. ಬೆಂಗಳೂರಿನವರ ಪಾಲಿಗೆ ಅದು ನಿಜವೂ ಹೌದು, ಅಲ್ಲಿ ಫಾರಿನ್ ವಿಸ್ಕಿಯ ಮೇಲೆ ಬೀಳುವ ತೆರಿಗೆ ಅಷ್ಟಿದೆ. ಹ್ಯೂಸ್ಟನ್ನಿನಲ್ಲಿರುವ ನಮಗೆ ಉಳಿಯುವುದು ಮುಖ್ಯವಾಗಿ ಇಲ್ಲಿನ 8.25% ಸೇಲ್ಸ್ ಟ್ಯಾಕ್ಸ್. ನೂರು ಡಾಲರಿನ ಪರ್ಫ್ಯೂಮಿನಲ್ಲಿ ಎಂಟು ಡಾಲರ್ ಚಿಲ್ಲರೆ. ಹ್ಯೂಸ್ಟನ್ನಿನ ಅಂಗಡಿಯವರೇ ಹಬ್ಬದ ಸೀಸನ್ನಿನಲ್ಲಿ 20% ಕೂಪನ್ ಕೊಟ್ಟರೆ ಅದೇ ಲಾಭ. ಹಾಗಾಗಿ ಪರ್ಫ್ಯೂಮಿನ ದೊಡ್ಡ ಬಾಟಲಿ ನಾನು ಹಡಗಿನಲ್ಲಿ ಕೊಳ್ಳುವುದೇ ಅಪರೂಪ. ಕೊಳ್ಳುವುದು ಪ್ರಯಾಣಿಕರಿಗೆಂದೇ ಮಾಡಿದ ಪುಟ್ಟ ಪುಟ್ಟ ಬಾಟಲಿಗಳ ಸೆಟ್. ಒಂದು ಡಬ್ಬದಲ್ಲಿ ನಾಲ್ಕೈದು ಇರುತ್ತವೆ. ಊರಿಗೆ ಹೋದಾಗ ಒಂದೊಂದು ಬಿಚ್ಚಿ ಒಬ್ಬೊಬ್ಬರಿಗೆ ಕೊಟ್ಟರೆ ನಾದಿನಿ, ಓರಗಿತ್ತಿ, ಚಿಕ್ಕಮ್ಮನ ಮಗಳು, ಎಲ್ಲರಿಗೂ ಆಗುತ್ತದೆ.

ವಿಸ್ಕಿಯಲ್ಲಿ ಒಂದು ವಿಷಯ ಗಮನಿಸಬೇಕು. ಹಡಗಿನಲ್ಲಿ ಸಾಮಾನ್ಯವಾಗಿ ಒಂದು ಲೀಟರ್ ಬಾಟಲಿ, ಅಮೆರಿಕದ ಅಂಗಡಿಯಲ್ಲಿ ಹೆಚ್ಚಾಗಿ 750 ಮಿ.ಲೀ. ಎರಡರ ಚೀಟಿ ಪಕ್ಕಪಕ್ಕ ಇಟ್ಟರೆ ಹಡಗಿನದೇ ದುಬಾರಿ ಅನ್ನಿಸಬಹುದು. ಮನೆಯ ಬೆಲೆಯನ್ನು ಮೂರರಿಂದ ಭಾಗಿಸಿ ನಾಲ್ಕರಿಂದ ಗುಣಿಸಿ, ಆಮೇಲೆ ಹೋಲಿಸಿ. 60 ಡಾಲರಿನ 750 ಮಿ.ಲೀ. ಅಂದರೆ ಲೀಟರಿಗೆ 80. ಹಡಗಿನಲ್ಲಿ 72 ಇದ್ದರೆ ತಗೊಳ್ಳಬಹುದು. ದುಡ್ಡು ಕೊಟ್ಟ ಕೂಡಲೇ ಬಾಟಲಿ ಕೈಗೆ ಬರುವುದಿಲ್ಲ, ಕೊನೆಯ ರಾತ್ರಿಯವರೆಗೂ ಅವರೇ ಇಟ್ಟುಕೊಳ್ಳುತ್ತಾರೆ. ರೂಮಿನಲ್ಲೇ ಕುಡಿದರೆ ಅವರ ಬಾರ್ ನಡೆಯಬೇಕಲ್ಲ!

ಅತ್ತೆಗೆ ಇದರಲ್ಲೆಲ್ಲ ಆಸಕ್ತಿ ಇರಲಿಲ್ಲ. ಅವರ ಕಣ್ಣು ಇದ್ದದ್ದು ಒಡವೆ ಅಂಗಡಿಯ ಮೇಲೆ. ಗಾಜಿನ ಹಿಂದೆ ಕಪ್ಪು ವೆಲ್ವೆಟ್ ಟ್ರೇ, ಮೇಲಿಂದ ಬಿಳಿ ಲೈಟು, ಪಕ್ಕದಲ್ಲಿ 70% ರಿಯಾಯಿತಿ ಅಂತ ಬೋರ್ಡು. ಒಂದು ಸರ ತೋರಿಸಲು ಹೇಳಿದರು. ಅಂಗೈಯಲ್ಲಿಟ್ಟು ತೂಗಿ ನೋಡಿದರು. ಕನ್ನಡಕ ಏರಿಸಿ ಕೊಂಡಿಯ ಹತ್ತಿರ ಮುದ್ರೆ ಹುಡುಕಿದರು. 585 ಅಂತ ಇತ್ತು, ಅಂದರೆ 14 ಕ್ಯಾರೆಟ್.

"ಗ್ರಾಂಗೆ ಎಷ್ಟಂತೆ ಕೇಳು. ವೇಸ್ಟೇಜ್ ಎಷ್ಟು ಹಾಕ್ತಾರೆ?"

ಆ ಹುಡುಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸರಕ್ಕೆ ಇಷ್ಟು ಅಂತ ಬೆಲೆ, ಗ್ರಾಂ ಲೆಕ್ಕ ಇಲ್ಲ ಅಂದ. ಅದನ್ನು ಕನ್ನಡದಲ್ಲಿ ಹೇಳಿದೆ, ರಿಯಾಯಿತಿಯ ಬೋರ್ಡನ್ನೂ ಓದಿ ಹೇಳಿದೆ.

"ಎಪ್ಪತ್ತು ಪರ್ಸೆಂಟ್ ಬಿಟ್ಟುಕೊಡೋ ಅಂಥ ಚಿನ್ನ ನಾನು ಎಲ್ಲೂ ನೋಡಿಲ್ಲ ಕಣೆ" ಅಂದರು ಅತ್ತೆ.

ಹುಡುಗ ಒಳ್ಳೆಯವನು. ಕೇಳಿದ್ದಕ್ಕೆ ಬೇಜಾರಿಲ್ಲದೆ ಪುಟ್ಟ ತಕ್ಕಡಿ ತಂದು ತೂಗಿದ. ನಾಲ್ಕು ಗ್ರಾಂ. ಅದರಲ್ಲಿ ಅಪ್ಪಟ ಚಿನ್ನ 58.5%, ಅಂದರೆ 2.34 ಗ್ರಾಂ. ಅವತ್ತಿನ ಚಿನ್ನದ ದರಕ್ಕೆ ಗುಣಿಸಿ ನೋಡಿದರೆ, ರಿಯಾಯಿತಿ ಕಳೆದ ಬೆಲೆಯೂ ಆ ಮೊತ್ತದ ಮೂರು ಪಟ್ಟು ದಾಟುತ್ತಿತ್ತು. ಇದು ಮೋಸ ಅಲ್ಲ. ಡಿಸೈನಿಗೆ, ಅಂಗಡಿಗೆ, ಹಡಗಿನವರ ಪಾಲಿಗೆ ಎಲ್ಲಾ ಸೇರಿಸಿ ಬೆಲೆ ಇಟ್ಟಿರುತ್ತಾರೆ. ಆದರೆ ಚಿನ್ನ ಅಂದರೆ ಆಪತ್ತಿಗೆ ಆಗುವ ಗಂಟು ಅನ್ನುವ ನಮ್ಮಂಥವರಿಗೆ ಆ ಕೌಂಟರ್ ಅಲ್ಲ. ಇನ್ನೊಂದು, ಡ್ಯೂಟಿ ಇಲ್ಲದೆ ಇಂತಿಷ್ಟು ಒಡವೆ ಇಂಡಿಯಾಕ್ಕೆ ಒಯ್ಯಬಹುದು ಅನ್ನುವ ಸೌಲಭ್ಯ ಇರುವುದು ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ವಾಪಸ್ ಹೋಗುವವರಿಗೆ. ಮಗನ ಮನೆಗೆ ಆರು ತಿಂಗಳು ಬಂದು ಹೋಗುವ ಅಪ್ಪ ಅಮ್ಮಂದಿರಿಗೆ ಅದು ಸಿಗುವುದಿಲ್ಲ.

ಸಂಜೆ ಹೊರಗಡೆ ಟೇಬಲ್ ಹಾಕಿಕೊಂಡು ಚೈನನ್ನು ಇಂಚಿನ ಲೆಕ್ಕದಲ್ಲಿ ಮಾರುತ್ತಿದ್ದರು. ಉರುಳೆಯಿಂದ ಎಳೆದು, ಮೊಳ ಹಾಕಿ ಮಲ್ಲಿಗೆ ಕೊಟ್ಟ ಹಾಗೆ ಅಳೆದು, ಕತ್ತರಿಸಿ, ಕೊಂಡಿ ಹಾಕಿ ಕೊಡುತ್ತಾರೆ. ಅತ್ತೆ ಒಂದೇ ನೋಟಕ್ಕೆ "ಓ, ಒನ್ ಗ್ರಾಂ ಗೋಲ್ಡು" ಅಂದರು. ಹೌದು, ಮೇಲೆ ಚಿನ್ನದ ಲೇಪ ಅಷ್ಟೇ. ಮೊಮ್ಮಗಳ ಕಾಲಿಗೆ ಅಳತೆ ನೋಡಿ ಒಂದು ಕಟ್ಟಿಸಿದರು. ಅವರು ಕೊಂಡ ಒಡವೆ ಅದೊಂದೇ, ಮಗು ಇನ್ನೂ ಹಾಕಿಕೊಂಡು ಓಡಾಡುತ್ತಿದೆ.

ಹರಳಿನ ಬಗ್ಗೆ ಹಡಗಿನಲ್ಲಿ ಪುಕ್ಕಟೆ ಉಪನ್ಯಾಸ ಇರುತ್ತದೆ. ಹೋಗಿ ಕೂತುಕೊಳ್ಳಿ, ಚೆನ್ನಾಗಿರುತ್ತದೆ. ಟಾಂಜನೈಟ್ ಅನ್ನುವ ನೀಲಿ ಹರಳನ್ನು ತುಂಬಾ ಹೊಗಳುತ್ತಾರೆ. ಅದು ಸಿಕ್ಕಿದ್ದು 1967ರಲ್ಲಿ, ಟಾಂಜಾನಿಯಾದ ಮೆರೆಲಾನಿ ಬೆಟ್ಟಗಳಲ್ಲಿ. ಗಣಿ ಇರುವುದು ಅದೊಂದೇ ಕಡೆ ಅನ್ನುವುದು ನಿಜ. ಅವರು ಒತ್ತಿ ಹೇಳದ ಮಾತು ಅಂದರೆ ಅದು ಮೆತ್ತಗಿನ ಹರಳು. ಹತ್ತರ ಅಳತೆಯಲ್ಲಿ ಗಡಸುತನ 6ರಿಂದ 7ರೊಳಗೆ, ನೀಲಮಣಿಯದು 9. ಪಾತ್ರೆ ತಿಕ್ಕುವ ಕೈಯ ಉಂಗುರಕ್ಕೆ ಹಾಕಿಸಿದರೆ ಗೀರು ಬೀಳುತ್ತದೆ, ಓಲೆಗೆ ಆದರೆ ಪರವಾಗಿಲ್ಲ. ಜಾಸ್ತಿ ಹರಳುಗಳ ನೀಲಿ ಬಣ್ಣ ಬಂದಿರುವುದೂ ಕಾಯಿಸಿದ ಮೇಲೆ. ಇಷ್ಟ ಆದರೆ ಕೊಳ್ಳಿ, ಮುಂದೆ ಬೆಲೆ ಏರುತ್ತದೆ ಅನ್ನುವ ಆಸೆಗೆ ಬೇಡ.

ವಾಚು ಕೊಂಡರೆ ವಾರಂಟಿ ಕಾರ್ಡಿನಲ್ಲಿ ತಾರೀಖು, ನಂಬರ್, ಅಂಗಡಿಯ ಸೀಲು ಮೂರೂ ಇದೆಯಾ ಅಂತ ಅಲ್ಲೇ ನಿಂತು ನೋಡಿ. ಇಳಿದ ಮೇಲೆ ಆ ಅಂಗಡಿ ನಿಮ್ಮ ಕೈಗೆ ಸಿಗುವುದಿಲ್ಲ, ಅದು ಮತ್ತೆ ಸಮುದ್ರದಲ್ಲಿರುತ್ತದೆ. ಟೀಶರ್ಟ್, ಮ್ಯಾಗ್ನೆಟ್ ಎಲ್ಲಾ ಕೊನೆಯ ದಿನಗಳಲ್ಲಿ ಟೇಬಲ್ ಮೇಲೆ ರಾಶಿ ಹಾಕಿ ಕಡಿಮೆಗೆ ಕೊಡುತ್ತಾರೆ. ಹಡಗಿನ ಹೆಸರಿರುವ ಟೋಪಿ, ಟೀಶರ್ಟ್ ಬೇಕಿದ್ದರೆ ಅಲ್ಲಿಯವರೆಗೂ ತಡೆಯಿರಿ. ಆದರೆ ನಮ್ಮ ಯಜಮಾನರ ಸೈಜು ಆ ಹೊತ್ತಿಗೆ ಯಾವತ್ತೂ ಉಳಿದಿರುವುದಿಲ್ಲ.

ಹಡಗಿನೊಳಗೆ ನೋಟು ನಡೆಯುವುದಿಲ್ಲ. ರೂಮಿನ ಕೀಲಿ ಕಾರ್ಡನ್ನೇ ತೋರಿಸಿದರೆ ಖಾತೆಗೆ ಬರೆದುಕೊಳ್ಳುತ್ತಾರೆ. ಐಸ್‌ಕ್ರೀಮ್, ಫೋಟೋ, ಒಡವೆ ಎಲ್ಲಕ್ಕೂ ಅದೇ ಕಾರ್ಡು, ಕೈಯಿಂದ ದುಡ್ಡು ಹೋದ ಹಾಗೇ ಅನ್ನಿಸುವುದಿಲ್ಲ. ನಾನು ದಿನಾ ಮಲಗುವ ಮುಂಚೆ ಆಪ್‌ನಲ್ಲಿ ಖಾತೆ ನೋಡುತ್ತೇನೆ. ಲೆಕ್ಕ ತಪ್ಪಿದ್ದರೆ ಅವತ್ತೇ ಗೆಸ್ಟ್ ಸರ್ವಿಸ್ ಕೌಂಟರಿಗೆ ಹೋಗಬಹುದು. ಕೊನೆಯ ಬೆಳಿಗ್ಗೆ ಅಲ್ಲಿ ಉದ್ದ ಕ್ಯೂ ಇರುತ್ತದೆ.

ಇಳಿಯುವಾಗ ಎಲ್ಲಾ ರಸೀದಿಗಳೂ ಕೈಚೀಲದಲ್ಲಿ ಮೇಲೇ ಇರಲಿ. ಅಮೆರಿಕದಲ್ಲಿ ವಾಸ ಇರುವವರಿಗೆ ಸಾಮಾನ್ಯವಾಗಿ ತಲೆಗೆ 800 ಡಾಲರ್ ತನಕ ಸುಂಕ ಇಲ್ಲ. ಹಡಗಿನ ಅಂಗಡಿಯಲ್ಲಿ ಕೊಂಡದ್ದೂ, ಕೊಜುಮೆಲ್ ಬೀದಿಯಲ್ಲಿ ಕೊಂಡದ್ದೂ ಸೇರಿಯೇ ಈ 800. ಮದ್ಯ 21 ವರ್ಷ ತುಂಬಿದವರಿಗೆ ಒಂದು ಲೀಟರ್. ಆದರೆ ಗ್ಯಾಲ್ವೆಸ್ಟನ್ನಿನಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ಟೆಕ್ಸಸ್ ರಾಜ್ಯದ ಮದ್ಯ ಇಲಾಖೆಯವರು ಟರ್ಮಿನಲ್‌ನಲ್ಲೇ ಬೇರೆ ಕೌಂಟರ್ ಇಟ್ಟುಕೊಂಡು ಕೂತಿರುತ್ತಾರೆ, ಬಾಟಲಿಗೆ ಇಷ್ಟು ಅಂತ ರಾಜ್ಯದ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ. ಆ ಒಂದು ಲೀಟರಿಗೂ ಬಿಡುವುದಿಲ್ಲ. ವಿಸ್ಕಿಯ ಲೆಕ್ಕ ಹಾಕುವಾಗ ಆ ಕೆಲವು ಡಾಲರುಗಳನ್ನೂ ಪಟ್ಟಿಯಲ್ಲಿ ಮೊದಲೇ ಕೂಡಿಸಿಕೊಂಡಿರಿ.