ಡಬ್ಲ್ಯೂ-2, 1042-ಎಸ್, 1098-ಟಿ: ಅಮೆರಿಕದ ಯೂನಿವರ್ಸಿಟಿಯಲ್ಲಿ ನನ್ನ ಟ್ಯಾಕ್ಸ್ ಅನುಭವ

ಅಮೆರಿಕದಲ್ಲಿ ಓದುವವರಿಗೆ ಜನವರಿ ಕೊನೆಯ ವಾರ ಬಂತೆಂದರೆ ಇಮೇಲ್ ತುಂಬ "ನಿಮ್ಮ ಟ್ಯಾಕ್ಸ್ ಫಾರ್ಮ್ ರೆಡಿ ಇದೆ" ಅನ್ನುವ ಮೆಸೇಜುಗಳೇ. ಪೇರೋಲ್‌ನವರದ್ದು ಒಂದು, ಫೀಸು ಕಟ್ಟಿಸಿಕೊಳ್ಳುವ ಆಫೀಸಿನದ್ದು ಒಂದು, ಇನ್ಶೂರೆನ್ಸಿನದ್ದು ಒಂದು, ಬ್ಯಾಂಕಿನದ್ದು ಇನ್ನೊಂದು. ನಮ್ಮ ಕನ್ನಡ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ಆಗ ಒಂದೇ ಪ್ರಶ್ನೆ: "ಇದನ್ನೆಲ್ಲ ಏನು ಮಾಡೋದು ಮಾರಾಯ್ರೇ?"

ನಾನು ಶಿವಮೊಗ್ಗದವನು. 2019ರ ಆಗಸ್ಟ್‌ನಲ್ಲಿ ಇಲಿನಾಯ್ ರಾಜ್ಯದ ಒಂದು ಯೂನಿವರ್ಸಿಟಿಗೆ ಪಿಎಚ್‌ಡಿಗೆ ಬಂದೆ. ಕೆಲವು ಸೆಮಿಸ್ಟರ್ ಟೀಚಿಂಗ್ ಅಸಿಸ್ಟೆಂಟ್, ಕೆಲವು ಸೆಮಿಸ್ಟರ್ ಫೆಲೋಶಿಪ್. ಹಾಗಾಗಿ ಯೂನಿವರ್ಸಿಟಿಯ ಲೆಕ್ಕದಲ್ಲಿ ನೌಕರನೂ ನಾನೇ, ವಿದ್ಯಾರ್ಥಿಯೂ ನಾನೇ. ಎರಡೂ ಕಡೆಯ ಕಾಗದ ನನಗೇ ಬರುತ್ತಿತ್ತು. ಆಮೇಲೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಪರೀಕ್ಷೆ ಬರೆದು, ಕ್ಯಾಂಪಸ್ಸಿನ ವೀಟಾದಲ್ಲಿ ಸ್ವಯಂಸೇವಕನಾಗಿ ಬೇರೆ ವಿದ್ಯಾರ್ಥಿಗಳ ರಿಟರ್ನ್‌ಗೂ ಕೈ ಹಾಕಿದೆ. ವೀಟಾ ಅಂದರೆ ಪುಕ್ಕಟೆಯಾಗಿ ರಿಟರ್ನ್ ತುಂಬಿಕೊಡುವ ವ್ಯವಸ್ಥೆ. ಅಲ್ಲಿ ಬರುವವರು ಮೊದಲು ಫಾರ್ಮ್ ಚಾಚುತ್ತಾರೆ. ನಾನು ಮೊದಲು ಕೇಳುವುದು ಪಾಸ್‌ಪೋರ್ಟ್ ಮತ್ತು ವಿದ್ಯಾರ್ಥಿ ವೀಸಾಕ್ಕಾಗಿ ಯೂನಿವರ್ಸಿಟಿ ಕೊಡುವ ಐ-20 ಪತ್ರ.

ಯಾಕೆಂದರೆ ಯಾವ ಫಾರ್ಮ್ ಏನು ಹೇಳುತ್ತದೆ ಅನ್ನುವುದಕ್ಕಿಂತ ಮುಂಚೆ, ಟ್ಯಾಕ್ಸ್ ಕಾನೂನಿನ ಕಣ್ಣಿಗೆ ನೀವು ರೆಸಿಡೆಂಟೋ ನಾನ್‌ರೆಸಿಡೆಂಟೋ ಅನ್ನುವುದು ತೀರ್ಮಾನ ಆಗಬೇಕು. ವೀಸಾ ಲೆಕ್ಕ ಬೇರೆ, ಟ್ಯಾಕ್ಸ್ ಲೆಕ್ಕ ಬೇರೆ. ಟ್ಯಾಕ್ಸ್‌ಗೆ ಇಲ್ಲಿ ಎಷ್ಟು ದಿನ ಇದ್ದಿರಿ ಅಂತ ಎಣಿಸಿ ರೆಸಿಡೆಂಟ್ ಹೌದೋ ಅಲ್ಲವೋ ನೋಡುತ್ತಾರೆ. ಎಫ್-1 ವೀಸಾದಲ್ಲಿ ಬಂದ ವಿದ್ಯಾರ್ಥಿಗೆ ಮೊದಲ 5 ಕ್ಯಾಲೆಂಡರ್ ವರ್ಷ ಇಲ್ಲಿದ್ದ ದಿನಗಳನ್ನು ಎಣಿಸುವುದಿಲ್ಲ. ಹಾಗಾಗಿ ಅಷ್ಟು ವರ್ಷ ನಾನ್‌ರೆಸಿಡೆಂಟ್. ವರ್ಷದಲ್ಲಿ ಒಂದು ದಿನ ಇದ್ದರೂ ಅದು ಪೂರ್ತಿ ವರ್ಷ. ನಾನು ಬಂದಿದ್ದು ಆಗಸ್ಟ್‌ನಲ್ಲಾದರೂ 2019 ಒಂದು ವರ್ಷ ಅಂತಲೇ ಲೆಕ್ಕ. 2019ರಿಂದ 2023ರವರೆಗೆ ನಾನ್‌ರೆಸಿಡೆಂಟ್, 2024ರಿಂದ ರೆಸಿಡೆಂಟ್. ಇದೊಂದು ಗೊತ್ತಾದರೆ ಕಾಗದಗಳ ಅರ್ಧ ಗಲಾಟೆ ತಾನಾಗಿಯೇ ಕಡಿಮೆ ಆಗುತ್ತದೆ.

ಈಗ ಡಬ್ಲ್ಯೂ-2. ನಮ್ಮೂರಿನಲ್ಲಿ ಕೆಲಸ ಮಾಡಿದವರಿಗೆ ಇದು ಫಾರ್ಮ್ 16 ಇದ್ದ ಹಾಗೆ ಅಂದರೆ ಸಾಕು. ಕೊಟ್ಟ ಸಂಬಳ, ಹಿಡಿದ ಟ್ಯಾಕ್ಸ್. ಜನವರಿ 31ರೊಳಗೆ ಕೊಡಬೇಕು. 1ನೇ ಬಾಕ್ಸ್‌ನಲ್ಲಿ ಸಂಬಳ, 2ನೇದರಲ್ಲಿ ಹಿಡಿದ ಫೆಡರಲ್ ಟ್ಯಾಕ್ಸ್, 17ನೇದರಲ್ಲಿ ರಾಜ್ಯದ ಟ್ಯಾಕ್ಸ್. "ಆಫರ್ ಲೆಟರ್‌ನಲ್ಲಿ ಇದ್ದಿದ್ದು ಜಾಸ್ತಿ, ಇಲ್ಲಿ ಕಡಿಮೆ ಇದೆಯಲ್ಲ" ಅಂತ ಪ್ರತಿ ವರ್ಷ ಯಾರಾದರೂ ಗಾಬರಿ ಬೀಳುತ್ತಾರೆ. ಆಫರ್ ಲೆಟರ್ ಶೈಕ್ಷಣಿಕ ವರ್ಷದ್ದು, ಡಬ್ಲ್ಯೂ-2 ಜನವರಿಯಿಂದ ಡಿಸೆಂಬರ್‌ವರೆಗಿನದ್ದು. ಡಿಸೆಂಬರ್‌ನಲ್ಲಿ ದುಡಿದಿದ್ದರ ಹಣ ಜನವರಿಯಲ್ಲಿ ಬಂದರೆ ಅದು ಮುಂದಿನ ವರ್ಷದ ಡಬ್ಲ್ಯೂ-2ಗೆ ಹೋಗುತ್ತದೆ. ಮಾರ್ಚ್ ಕೊನೆಗೆ ವರ್ಷ ಮುಗಿಯುತ್ತದೆ ಅಂತ ಅಭ್ಯಾಸ ಆದ ನಮಗೆ ಇದು ಸ್ವಲ್ಪ ತಲೆಗೆ ಹತ್ತುವುದಿಲ್ಲ.

ನಾನು ಎಲ್ಲಕ್ಕಿಂತ ಮೊದಲು ಕಣ್ಣು ಹಾಯಿಸುವುದು 4 ಮತ್ತು 6ನೇ ಬಾಕ್ಸ್‌ಗೆ. ಪಿಂಚಣಿಗಾಗಿ ಹಿಡಿಯುವ ಸೋಷಿಯಲ್ ಸೆಕ್ಯೂರಿಟಿ ಶೇ. 6.2, ವಯಸ್ಸಾದವರ ಆರೋಗ್ಯ ವಿಮೆಯ ಮೆಡಿಕೇರ್ ಶೇ. 1.45, ಎರಡೂ ಸೇರಿ ಶೇ. 7.65. ಇದಕ್ಕೆ ಫೈಕಾ ಅನ್ನುತ್ತಾರೆ. ನಾನ್‌ರೆಸಿಡೆಂಟ್ ಎಫ್-1 ವಿದ್ಯಾರ್ಥಿ ವೀಸಾ ನಿಯಮದೊಳಗೆ ಮಾಡುವ ಕೆಲಸಕ್ಕೆ ಇದು ಹಿಡಿಯಬಾರದು. ಆ ಬಾಕ್ಸ್‌ಗಳು ಖಾಲಿ ಇದ್ದರೆ ಸರಿ. ಯೂನಿವರ್ಸಿಟಿ ಪೇರೋಲ್‌ಗೆ ಇದು ಗೊತ್ತಿರುತ್ತದೆ, ಹೊರಗಿನ ಕಂಪನಿಗಳಿಗೆ ಗೊತ್ತಿರುವುದಿಲ್ಲ. ಒಂದು ಬೇಸಿಗೆಯಲ್ಲಿ ನಾನು ಇಂಟರ್ನ್‌ಶಿಪ್ ಮಾಡಿದ ಕಂಪನಿ ಪ್ರತಿ ಸಂಬಳದಲ್ಲೂ ಫೈಕಾ ಹಿಡಿದುಕೊಂಡಿತ್ತು. 18,000 ಡಾಲರ್ ದುಡಿದವನ ಜೇಬಿನಿಂದ 1,377 ಡಾಲರ್ ಸುಮ್ನೆ ಹೋದಂತೆ. ಇಂಥ ಕಡೆ ಮೊದಲು ಕಂಪನಿಯನ್ನೇ ಕೇಳಬೇಕು. ಅವರು ವಾಪಸ್ ಕೊಟ್ಟು, ಡಬ್ಲ್ಯೂ-2ಸಿ ಅನ್ನುವ ತಿದ್ದುಪಡಿ ಫಾರ್ಮ್ ಕೊಡಬೇಕು. ನನ್ನ ಕಂಪನಿಯ ಪೇರೋಲ್ ಹೆಂಗಸು "ನಮ್ಮಲ್ಲಿ ಎಲ್ಲರಿಗೂ ಹಿಡಿಯುತ್ತೇವೆ" ಅಂತ ಒಂದೇ ಪಲ್ಲವಿ ಹಾಡಿದರು. ಐ-20 ಮತ್ತು ಐಆರ್‌ಎಸ್‌ನ ಪಬ್ಲಿಕೇಶನ್ 519ರ ಸಂಬಂಧಪಟ್ಟ ಪುಟ ಕಳಿಸಿದ ಮೇಲೆ ದಾರಿಗೆ ಬಂದರು. ಕಂಪನಿ ಒಪ್ಪದೇ ಹೋದರೆ ಫಾರ್ಮ್ 843ರ ಜೊತೆ 8316 ಸೇರಿಸಿ ಐಆರ್‌ಎಸ್‌ಗೆ ಕಳಿಸಬೇಕು. ದುಡ್ಡು ಬರುತ್ತದೆ, ತಿಂಗಳುಗಟ್ಟಲೆ ಕಾಯಬೇಕು ಅಷ್ಟೇ.

ಹುಡುಗರು ಎಡವುವುದು 1042-ಎಸ್‌ನಲ್ಲಿ. ಫೆಲೋಶಿಪ್ ಹಣ ಡಬ್ಲ್ಯೂ-2ನಲ್ಲಿ ಬರುವುದಿಲ್ಲ. ಅದು ಸಂಬಳ ಅಲ್ಲ ನೋಡಿ. ನಾನ್‌ರೆಸಿಡೆಂಟ್‌ಗೆ ಅದು 1042-ಎಸ್‌ನಲ್ಲಿ ಬರುತ್ತದೆ, 1ನೇ ಬಾಕ್ಸ್‌ನಲ್ಲಿ 16 ಅನ್ನುವ ಕೋಡ್ ಇರುತ್ತದೆ. ಈ ಫಾರ್ಮ್‌ಗೆ ಗಡುವು ಮಾರ್ಚ್ 15. ಅಂದರೆ ಡಬ್ಲ್ಯೂ-2 ಸಿಕ್ಕಿದ ಖುಷಿಯಲ್ಲಿ ಫೆಬ್ರವರಿಯಲ್ಲೇ ರಿಟರ್ನ್ ಕಳಿಸಿದವರಿಗೆ ಮಾರ್ಚ್‌ನಲ್ಲಿ ಇನ್ನೊಂದು ಫಾರ್ಮ್ ಬಂದು ಬೀಳುತ್ತದೆ. ಆಗ 1040-ಎಕ್ಸ್ ಹಾಕಿ ತಿದ್ದಬೇಕು. ವೀಟಾದಲ್ಲಿ ಇಂಥವರು ಪ್ರತಿ ಏಪ್ರಿಲ್‌ನಲ್ಲೂ ಸಿಗುತ್ತಾರೆ. ವರ್ಷದಲ್ಲಿ ಒಂದು ಡಾಲರ್ ಫೆಲೋಶಿಪ್ ಬಂದಿದ್ದರೂ ಮಾರ್ಚ್ ಮಧ್ಯದವರೆಗೆ ಕೈ ಕಟ್ಟಿ ಕೂರಿ ಅಂತ ಹೇಳುತ್ತೇನೆ. ಟ್ಯೂಷನ್ ಫೀಸ್ ಮನ್ನಾ ಆಗಿದ್ದಕ್ಕೆ ಡಿಗ್ರಿ ವಿದ್ಯಾರ್ಥಿಗೆ ಟ್ಯಾಕ್ಸ್ ಇಲ್ಲ. ಬಾಡಿಗೆ, ಊಟ ಅಂತ ಕೈಗೆ ಬಂದ ಹಣಕ್ಕೆ ಇದೆ.

ಈಗ ನಮ್ಮವರಿಗೆ ಲಾಭ ಇರುವ ವಿಷಯ. ನಾನ್‌ರೆಸಿಡೆಂಟ್‌ಗಳು ತುಂಬುವ ರಿಟರ್ನ್ ಫಾರ್ಮ್ 1040-ಎನ್‌ಆರ್. ಅದರಲ್ಲಿ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಲ್ಲಿ ಟ್ಯಾಕ್ಸ್ ಇಲ್ಲದೆ ಕಳೆಯುವ ನಿಗದಿತ ಮೊತ್ತ, ಸಿಗುವುದಿಲ್ಲ. ಭಾರತದ ವಿದ್ಯಾರ್ಥಿಗೆ ಮಾತ್ರ ಸಿಗುತ್ತದೆ. ಭಾರತ ಮತ್ತು ಅಮೆರಿಕ 1989ರಲ್ಲಿ ಸಹಿ ಹಾಕಿದ ತೆರಿಗೆ ಒಪ್ಪಂದದ 21ನೇ ವಿಧಿ, 2ನೇ ಕಲಮು ಇದಕ್ಕೆ ಕಾರಣ. ಇಲ್ಲಿನ ರೆಸಿಡೆಂಟ್‌ಗೆ ಸಿಗುವ ವಿನಾಯಿತಿಗಳು ನಮ್ಮ ವಿದ್ಯಾರ್ಥಿಗೂ ಸಿಗಬೇಕು ಅಂತ ಅದು ಹೇಳುತ್ತದೆ. ಎಷ್ಟರ ಮಟ್ಟಿಗೆ ಅಂದರೆ 1040-ಎನ್‌ಆರ್‌ನ ಡಿಡಕ್ಷನ್ ಸಾಲಿನಲ್ಲೇ "ಭಾರತದ ಕೆಲವು ನಿವಾಸಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್" ಅನ್ನುವ ಅರ್ಥದ ಮಾತು ಅಚ್ಚಾಗಿದೆ. ಬೇರೆ ದೇಶದವರ ಸಲಹೆ ನಮಗೆ ಹೊಂದುವುದಿಲ್ಲ ಅನ್ನುವುದೂ ಇದಕ್ಕೇ. ನನ್ನ ಚೀನಾದ ರೂಮ್‌ಮೇಟ್‌ಗೆ ಅವರ ಒಪ್ಪಂದದಲ್ಲಿ 5,000 ಡಾಲರ್ ದುಡಿಮೆಗೆ ವಿನಾಯಿತಿ ಇತ್ತು, ಸ್ಟ್ಯಾಂಡರ್ಡ್ ಡಿಡಕ್ಷನ್ ಇರಲಿಲ್ಲ.

ಇದರಿಂದ ಎಷ್ಟು ಉಳಿಯುತ್ತದೆ ನೋಡಿ. 2023ರಲ್ಲಿ ಮದುವೆಯಾಗದ ಒಬ್ಬ ಭಾರತೀಯ ವಿದ್ಯಾರ್ಥಿಗೆ 16,000 ಡಾಲರ್ ಸಂಬಳ, 8,000 ಫೆಲೋಶಿಪ್ ಅಂತ ಇಟ್ಟುಕೊಳ್ಳಿ. ಒಟ್ಟು 24,000. ಆ ವರ್ಷದ ಸ್ಟ್ಯಾಂಡರ್ಡ್ ಡಿಡಕ್ಷನ್ 13,850. ಉಳಿದಿದ್ದು 10,150, ಅದಕ್ಕೆ ಶೇ. 10ರಂತೆ ಸುಮಾರು 1,015 ಡಾಲರ್ ಟ್ಯಾಕ್ಸ್. ಡಿಡಕ್ಷನ್ ಬಿಟ್ಟುಬಿಟ್ಟರೆ ಅದೇ ಟ್ಯಾಕ್ಸ್ ಸುಮಾರು 2,660. ಇನ್ನೊಂದು ವಿಷಯ. ಎಫ್-1 ವಿದ್ಯಾರ್ಥಿಯ ಫೆಲೋಶಿಪ್‌ನಲ್ಲಿ ಮೊದಲೇ ಶೇ. 14 ಹಿಡಿಯುತ್ತಾರೆ. 8,000ಕ್ಕೆ 1,120 ಆಯಿತು. ಇಡೀ ವರ್ಷದ ಟ್ಯಾಕ್ಸ್‌ಗಿಂತ ಇದೊಂದೇ ಜಾಸ್ತಿ. ಸಂಬಳದಲ್ಲಿ ಹಿಡಿದಿದ್ದು ಬೇರೆ. ಟ್ಯಾಕ್ಸ್ ಕಳೆದು ಮಿಕ್ಕಿದ್ದಷ್ಟೂ ವಾಪಸ್ ಬರಬೇಕಾದ ದುಡ್ಡು, ಅಲ್ವಾ? ಆದರೆ 1042-ಎಸ್‌ನ 7ಎ ಬಾಕ್ಸ್‌ನಲ್ಲಿರುವ ಆ ಮೊತ್ತವನ್ನು ರಿಟರ್ನ್‌ನಲ್ಲಿ ಬರೆದವರಿಗೆ ಮಾತ್ರ ಅದು ಸಿಗುವುದು.

ರಿಟರ್ನ್ ತುಂಬುವ ಮಾಮೂಲಿ ಸಾಫ್ಟ್‌ವೇರ್ ಟರ್ಬೋಟ್ಯಾಕ್ಸ್‌ನಲ್ಲಿ 1040-ಎನ್‌ಆರ್ ಮಾಡಲು ಬರುವುದಿಲ್ಲ. ಜಾಹೀರಾತು ನೋಡಿ ಅದರಲ್ಲಿ ತುಂಬಿದರೆ ನೀವು ರೆಸಿಡೆಂಟ್ ಅಂತ ಹೇಳಿಕೊಂಡಂತೆ ಆಗುತ್ತದೆ. ಮುಂದೆ ಗ್ರೀನ್ ಕಾರ್ಡ್, ಎಚ್-1ಬಿ ಅಂತ ಓಡಾಡುವವರಿಗೆ ಇದು ಬೇಡದ ತಲೆನೋವು. ನಾನು ನಾನ್‌ರೆಸಿಡೆಂಟ್‌ಗಳಿಗೆಂದೇ ಇರುವ ಸ್ಪ್ರಿಂಟ್ಯಾಕ್ಸ್ ಬಳಸುತ್ತಿದ್ದೆ. ಬಹಳ ಯೂನಿವರ್ಸಿಟಿಗಳು ಅದರ ಕೋಡ್ ಅನ್ನು ಪುಕ್ಕಟೆ ಅಥವಾ ಕಡಿಮೆ ದರದಲ್ಲಿ ಕೊಡುತ್ತವೆ, ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳಿ ನೋಡಿ. ರಾಜ್ಯದ ರಿಟರ್ನ್ ಬೇರೆ. ಇಲಿನಾಯ್‌ನಲ್ಲಿ ಸಪಾಟಾಗಿ ಶೇ. 4.95. ಟೆಕ್ಸಾಸ್, ಫ್ಲೋರಿಡಾದಲ್ಲಿ ಓದುವವರು ಪುಣ್ಯವಂತರು, ಅಲ್ಲಿ ಸಂಬಳಕ್ಕೆ ರಾಜ್ಯದ ಟ್ಯಾಕ್ಸೇ ಇಲ್ಲ.

ಇನ್ನು ಉಳಿದ ಕಾಗದಗಳು. 1098-ಟಿ ಫೀಸಿನ ಲೆಕ್ಕದ ಫಾರ್ಮ್. ಎಜುಕೇಶನ್ ಕ್ರೆಡಿಟ್ ಅನ್ನುವ ರಿಯಾಯಿತಿಗೆ ಅದು ಬೇಕು, ನಾನ್‌ರೆಸಿಡೆಂಟ್‌ಗೆ ಆ ಕ್ರೆಡಿಟ್ ಇಲ್ಲ. ಫೈಲಿಗೆ ಹಾಕಿಡಿ. 1095 ಹೆಲ್ತ್ ಇನ್ಶೂರೆನ್ಸಿನದ್ದು, ಅದೂ ಫೈಲಿಗೇ. ಬ್ಯಾಂಕ್ ಕಳಿಸುವ 1099-ಐಎನ್‌ಟಿ ಉಳಿತಾಯ ಖಾತೆಯ ಬಡ್ಡಿಯದ್ದು. ನಾನ್‌ರೆಸಿಡೆಂಟ್‌ನ ಅಮೆರಿಕದ ಬ್ಯಾಂಕ್ ಬಡ್ಡಿಗೆ ಇಲ್ಲಿ ಟ್ಯಾಕ್ಸ್ ಇಲ್ಲ. ನಾನ್‌ರೆಸಿಡೆಂಟ್ ಅಂತ ತಿಳಿಸುವ ಡಬ್ಲ್ಯೂ-8ಬೆನ್ ಫಾರ್ಮ್ ಒಂದನ್ನು ಬ್ಯಾಂಕಿಗೆ ಕೊಟ್ಟರೆ ಸರಿಹೋಗುತ್ತದೆ.

ಯಾರೂ ಕಳಿಸದ, ನಾವೇ ತುಂಬಬೇಕಾದ ಒಂದು ಫಾರ್ಮ್ ಇದೆ: 8843. ನಾನ್‌ರೆಸಿಡೆಂಟ್ ವಿದ್ಯಾರ್ಥಿ ತನ್ನ ದಿನಗಳನ್ನು ಯಾಕೆ ಎಣಿಸಬಾರದು ಅಂತ ತಿಳಿಸುವ ಕಾಗದ ಅದು. ಒಂದು ಪೈಸೆ ಆದಾಯ ಇಲ್ಲದಿದ್ದರೂ ಇದು ಕಡ್ಡಾಯ. ಆಗಸ್ಟ್‌ನಲ್ಲಿ ಬಂದು ಡಿಸೆಂಬರ್‌ವರೆಗೆ ಕೆಲಸವೇ ಸಿಗದ ಎಂಎಸ್ ಹುಡುಗರು "ನಮಗೇನೂ ಇಲ್ಲ ಬಿಡಿ" ಅಂದುಕೊಳ್ಳುತ್ತಾರೆ. ಎಫ್-2 ವೀಸಾದಲ್ಲಿ ಜೊತೆಗೆ ಬಂದ ಹೆಂಡತಿಗೂ ಒಂದು, ಮಗುವಿಗೂ ಒಂದು ಬೇಕು. ರಿಟರ್ನ್ ಜೊತೆಗೆ ಹೋಗುವುದಾದರೆ ಏಪ್ರಿಲ್ 15, ಇದೊಂದೇ ಆದರೆ ಜೂನ್ 15. ಇದೊಂದನ್ನೇ ಕಳಿಸುವುದಾದರೆ ಪ್ರಿಂಟ್ ತೆಗೆದು, ಪೆನ್ನಿನಲ್ಲಿ ಸಹಿ ಮಾಡಿ ಟೆಕ್ಸಾಸ್‌ನ ಆಸ್ಟಿನ್‌ಗೆ ಪೋಸ್ಟ್ ಮಾಡಬೇಕು. ನಾನು ಸರ್ಟಿಫೈಡ್ ಮೇಲ್‌ನಲ್ಲೇ ಕಳಿಸಿ ರಸೀದಿ ಇಟ್ಟುಕೊಳ್ಳುತ್ತಿದ್ದೆ. ಇದರ ನಡುವೆ "ಐಆರ್‌ಎಸ್‌ನಿಂದ ಮಾತಾಡುತ್ತಿದ್ದೇವೆ, ಗಿಫ್ಟ್ ಕಾರ್ಡ್‌ನಲ್ಲಿ ದುಡ್ಡು ಕಟ್ಟಿ" ಅಂತ ಫೋನ್ ಬಂದರೆ ಇಟ್ಟುಬಿಡಿ. ಐಆರ್‌ಎಸ್ ಮೊದಲು ಕಾಗದ ಬರೆಯುತ್ತದೆ, ಗಿಫ್ಟ್ ಕಾರ್ಡ್ ಅಂತೂ ಯಾವತ್ತೂ ಕೇಳುವುದಿಲ್ಲ.

2024 ಬಂತು, ನಾನು ರೆಸಿಡೆಂಟ್ ಆದೆ. ವೀಸಾ ಅದೇ ಎಫ್-1, ಲ್ಯಾಬ್ ಅದೇ, ಸಂಬಳ ಅದೇ. ಕಾಗದ ಮಾತ್ರ ಪೂರ್ತಿ ಬೇರೆ. ಪೇರೋಲ್‌ಗೆ ನಾನೀಗ ರೆಸಿಡೆಂಟ್ ಅಂತ ತಿಳಿಸುವ ಡಬ್ಲ್ಯೂ-9 ಕೊಟ್ಟೆ. 1040-ಎನ್‌ಆರ್ ಹೋಗಿ 1040 ಬಂತು. ಫೆಲೋಶಿಪ್‌ಗೆ 1042-ಎಸ್ ನಿಂತಿತು, ಹಿಡಿಯುತ್ತಿದ್ದ ಶೇ. 14 ಕೂಡ ನಿಂತಿತು. ತಿಂಗಳ ಹಣ ಜಾಸ್ತಿ ಬರುತ್ತಿದೆ ಅಂತ ಖುಷಿಪಡುವ ಹಾಗಿಲ್ಲ. ಆ ಹಣಕ್ಕೆ ಯಾವ ಫಾರ್ಮೂ ಬರದೇ ಇರಬಹುದು, ಟ್ಯಾಕ್ಸ್ ಮಾತ್ರ ಇದ್ದೇ ಇದೆ. ಮೊತ್ತ ದೊಡ್ಡದಾದರೆ 1040-ಇಎಸ್ ಮೂಲಕ ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿಯಲ್ಲಿ ಕಂತು ಕಟ್ಟಬೇಕು. ಫೈಕಾ ಲೆಕ್ಕವೂ ಬದಲಾಯಿತು. ಓದುತ್ತಿರುವ ಯೂನಿವರ್ಸಿಟಿಯಲ್ಲೇ ಕೆಲಸ ಮಾಡುವ ವಿದ್ಯಾರ್ಥಿಗೆ ಸೆಮಿಸ್ಟರ್‌ನಲ್ಲಿ ವಿನಾಯಿತಿ ಮುಂದುವರಿಯುತ್ತದೆ. ಬೇಸಿಗೆಯಲ್ಲಿ ಯಾವ ಕೋರ್ಸೂ ತೆಗೆದುಕೊಳ್ಳದೆ ದುಡಿದರೆ ಹಿಡಿಯುತ್ತಾರೆ. ಆ ವರ್ಷದ ಡಬ್ಲ್ಯೂ-2ನ 4ನೇ ಬಾಕ್ಸ್‌ನಲ್ಲಿ ಬಂದ ಸಣ್ಣ ಅಂಕಿ ಬೇಸಿಗೆಯದ್ದು.

ರೆಸಿಡೆಂಟ್ ಆದ ಮೇಲೆ ಇಡೀ ಪ್ರಪಂಚದ ಆದಾಯವನ್ನು ತೋರಿಸಬೇಕು. ಊರಿನ ಬ್ಯಾಂಕಿನ ಎಫ್‌ಡಿ ಬಡ್ಡಿಯೂ ಬಂತು. ಅನಿವಾಸಿ ಭಾರತೀಯರ ಎನ್‌ಆರ್‌ಇ ಖಾತೆಯ ಎಫ್‌ಡಿ ಬಡ್ಡಿಗೆ ಭಾರತದಲ್ಲಿ ಟ್ಯಾಕ್ಸ್ ಇಲ್ಲ, ಇಲ್ಲಿ ಇದೆ. ಭಾರತದ ಮ್ಯೂಚುವಲ್ ಫಂಡ್ ಇದ್ದರೆ ಫಾರ್ಮ್ 8621 ಅನ್ನುವ ಕಾಟ ಶುರು. ಅದಕ್ಕೆ ನಾನೂ ಕೈ ಹಾಕುವುದಿಲ್ಲ, ಇಲ್ಲಿನ ಲೆಕ್ಕಪರಿಶೋಧಕರಾದ ಸಿಪಿಎ ಹತ್ತಿರ ಕಳಿಸುತ್ತೇನೆ. ಆಮೇಲೆ ಎಫ್‌ಬಾರ್, ಅಂದರೆ ವಿದೇಶಿ ಖಾತೆಗಳ ವರದಿ. ಅಮೆರಿಕದ ಹೊರಗಿನ ನಿಮ್ಮ ಎಲ್ಲ ಖಾತೆ ಸೇರಿ ವರ್ಷದಲ್ಲಿ ಯಾವತ್ತಾದರೂ 10,000 ಡಾಲರ್ ದಾಟಿದ್ದರೆ ಆನ್‌ಲೈನ್‌ನಲ್ಲಿ ಖಜಾನೆ ಇಲಾಖೆಯ ಫಿನ್‌ಸೆನ್ ವಿಭಾಗಕ್ಕೆ ತಿಳಿಸಬೇಕು. ಇದಕ್ಕೆ ಟ್ಯಾಕ್ಸ್ ಏನೂ ಇಲ್ಲ, ತಿಳಿಸದಿದ್ದರೆ ದಂಡ ಭಾರಿ.

ಇಲ್ಲಿ ನಮ್ಮ ಮನೆಗಳದ್ದೇ ಒಂದು ಕತೆ ಇದೆ. ಅಮ್ಮನ ಖಾತೆಯಲ್ಲಿ ನನ್ನ ಹೆಸರೂ ಜಂಟಿಯಾಗಿ ಇದೆ. ಒಂದು ರೂಪಾಯಿಯೂ ನನ್ನದಲ್ಲ. ಆದರೂ ಜಂಟಿ ಖಾತೆ ಅಂದರೆ ಎಫ್‌ಬಾರ್‌ನಲ್ಲಿ ಪೂರ್ತಿ ಮೊತ್ತ ಬರೆಯಬೇಕು. "ನನ್ನ ದುಡ್ಡಿನ ಲೆಕ್ಕ ಅಮೆರಿಕದವರಿಗೆ ಯಾಕೆ?" ಅಂತ ಅಮ್ಮ ಕೇಳಿದ್ದು ನ್ಯಾಯವೇ. ಈಗ ಅಪ್ಪ ವರ್ಷಕ್ಕೊಮ್ಮೆ ಪಾಸ್‌ಬುಕ್ ಎಂಟ್ರಿ ಹಾಕಿಸಿ ಫೋಟೋ ಕಳಿಸುತ್ತಾರೆ. ಅದರಲ್ಲಿ ಅತಿ ಹೆಚ್ಚು ಬ್ಯಾಲೆನ್ಸ್ ಇದ್ದ ದಿನದ ಮೊತ್ತ ಹುಡುಕಿ, ಅಮೆರಿಕದ ಖಜಾನೆ ಇಲಾಖೆ ಕೊಡುವ ಡಿಸೆಂಬರ್ 31ರ ದರದಲ್ಲಿ ಡಾಲರ್‌ಗೆ ತಿರುಗಿಸಿ ತುಂಬುತ್ತೇನೆ. ಗಡುವು ಏಪ್ರಿಲ್ 15. ತಪ್ಪಿದರೆ ಅಕ್ಟೋಬರ್ 15ರವರೆಗೆ ತಾನಾಗಿಯೇ ಸಮಯ ಸಿಗುತ್ತದೆ, ಅದಕ್ಕೆ ಬೇರೆ ಅರ್ಜಿ ಬೇಕಿಲ್ಲ.